ಮುಯ್ಯಾಳಿನ ಲೆಕ್ಕ: ಸ್ವಯಂಸೇವಕರನ್ನು ಕರೆಯುವುದು, ಕೆಲಸ ಕೊಡುವುದು, ಉಳಿಸಿಕೊಳ್ಳುವುದು

ಮೈಸೂರಿನ ಹೊರಗೆ ಒಂದು ಸಣ್ಣ ಕೆರೆ. ಭಾನುವಾರ ಬೆಳಿಗ್ಗೆ ಆರೂವರೆ. ಕೆರೆಯ ಕಸ ತೆಗೆಯಲು ಸ್ವಯಂಸೇವಕರು ಬನ್ನಿ ಅಂತ ನಮ್ಮ ಸಂಘ ಕರೆದಿತ್ತು. ಇಪ್ಪತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆವು, ಬಂದವರು ಅರವತ್ತು. ನಮಗೆ ಖುಷಿಯೋ ಖುಷಿ. ಆದರೆ ಇದ್ದ ಸಲಿಕೆ ನಾಲ್ಕು. ಗ್ಲೌಸ್ ಹನ್ನೆರಡು ಜೊತೆ. ಗೋಣಿಚೀಲ ತರುತ್ತೇನೆ ಅಂದಿದ್ದವರು ಬಂದದ್ದು ಏಳೂವರೆಗೆ. ಅಷ್ಟರಲ್ಲಿ ಅರ್ಧ ಜನ ಏರಿ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಉಳಿದವರು "ನಾವೇನು ಮಾಡ್ಬೇಕು ಮೇಡಂ?" ಅಂತ ನನ್ನ ಹಿಂದೆ. ಮುಂದಿನ ಭಾನುವಾರ ಬಂದವರು ಒಂಬತ್ತು.

"ಈಗಿನ ಹುಡುಗರದ್ದು ಬರೀ ಆರಂಭಶೂರತ್ವ" ಅಂತ ನಾವು ಬೈದುಕೊಂಡೆವು. ಪಾಂಡವಪುರದ ಕಡೆ ಇರುವ ನನ್ನ ಸೋದರಮಾವನ ಹತ್ತಿರವೂ ಇದನ್ನೇ ಹೇಳಿದೆ. ಮಾವ ಎಲೆಗೆ ಸುಣ್ಣ ಸವರುತ್ತಾ ಕೇಳಿದ್ದು ಒಂದೇ ಮಾತು. "ಒಟ್ಲಲ್ಲಿ ಪೈರು ಕೀಳ್ದೆ ಮುಯ್ಯಾಳು ಕರೆದ್ರೆ, ಮಾರನೆ ದಿನ ಯಾರವ್ವ ಬತ್ತಾರೆ?"

ಮಂಡ್ಯ ಕಡೆಯವರಿಗೆ ಮುಯ್ಯಾಳು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಕರೆದವರು ಗದ್ದೆ ಹದ ಮಾಡಿಟ್ಟಿರಬೇಕು. ಒಟ್ಲಿನಿಂದ, ಅಂದರೆ ಸಸಿಮಡಿಯಿಂದ, ಪೈರು ಕಿತ್ತು ಕಟ್ಟು ಹಾಕಿರಬೇಕು. ಹೊತ್ತಿಗೆ ಸರಿಯಾಗಿ ಊಟ ಬರಬೇಕು. ಬಂದ ಆಳು ಬದುವಿನ ಮೇಲೆ ಕೂತು ಕಾಯುವಂತಾದರೆ ಆ ಮನೆಯ ಮಾನ ಹೋಯಿತು ಅಂತಲೇ ಲೆಕ್ಕ.

ನಮ್ಮ ಸಂಘದ ತಪ್ಪು ಅಲ್ಲಿತ್ತು. ದುಡ್ಡು ಕೊಡುವ ಕೆಲಸದಲ್ಲಿ ಆಳು ಕಾದರೂ ಸಂಜೆಗೆ ಕೂಲಿ ಸಿಗುತ್ತದೆ. ದುಡ್ಡಿಲ್ಲದ ಕೆಲಸದಲ್ಲಿ ಕಾಯಿಸಿದರೆ ಅವನಿಗೆ ಸಿಗುವುದು ಕಾದದ್ದು ಮಾತ್ರ. ಹಾಗಾಗಿ ಬಿಟ್ಟಿ ಕೆಲಸಕ್ಕೆ ತಯಾರಿ ಜಾಸ್ತಿ ಬೇಕು. ಆಮೇಲಿನ ವರ್ಷಗಳಲ್ಲಿ ಕೆರೆ ಕೆಲಸ, ಸಂಜೆ ಪಾಠ, ರಕ್ತದಾನ ಶಿಬಿರ ಅಂತ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಲ್ಲ ಬೇರೆ ವಿಭಾಗವೇ ಇರಬಹುದು. ಇದು ನಮ್ಮಂಥ ಸಣ್ಣ ಸಂಘಗಳಿಗೆ: ಬಡಾವಣೆಯ ಸಂಘ, ಮಹಿಳಾ ಸಂಘ, ಗ್ರಂಥಾಲಯ ನಡೆಸುವ ನಾಲ್ಕು ಜನ ಗೆಳೆಯರು.

ಮೊದಲು ಕೆಲಸ ಬರೆಯಿರಿ, ಆಮೇಲೆ ಜನ ಕರೆಯಿರಿ

"ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಬೋರ್ಡ್ ಬರೆಯುವುದು ಸುಲಭ. ಬಂದವರಿಗೆ ಏನು ಕೊಡುತ್ತೀರಿ? ಒಂದು ಹಾಳೆ ತೆಗೆದುಕೊಂಡು ನಿಮ್ಮ ಸಂಘದ ಮುಂದಿನ ಮೂರು ತಿಂಗಳ ಕೆಲಸವನ್ನು ತುಂಡು ತುಂಡಾಗಿ ಬರೆಯಿರಿ. ಪ್ರತಿ ತುಂಡಿಗೂ ಒಂದು ಚೀಟಿ. ನಮ್ಮ ಸಂಜೆ ಪಾಠದ ಒಂದು ಚೀಟಿ ಹೀಗಿತ್ತು:

ಕೆಲಸ: ಆರನೇ ತರಗತಿಯ ನಾಲ್ಕು ಮಕ್ಕಳಿಗೆ ಕನ್ನಡ ಓದಿಸುವುದು.
ದಿನ: ಮಂಗಳವಾರ, ಗುರುವಾರ. ಸಂಜೆ 5.30ರಿಂದ 6.45.
ಎಲ್ಲಿಯವರೆಗೆ: ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ.
ಬೇಕಾದ್ದು: ತಾಳ್ಮೆ, ತಪ್ಪದೆ ಬರುವುದು. ಬಿ.ಎಡ್. ಆಗಿರಬೇಕಿಲ್ಲ.
ಅನುಮಾನ ಬಂದರೆ ಕೇಳುವುದು ಯಾರನ್ನು: (ಒಬ್ಬರ ಹೆಸರು, ಫೋನ್ ನಂಬರ್. ಒಬ್ಬರದ್ದೇ.)

ಇದರಲ್ಲಿ ಮುಖ್ಯವಾದದ್ದು "ಎಲ್ಲಿಯವರೆಗೆ" ಅನ್ನುವ ಸಾಲು. ಕೊನೆಯ ದಿನ ಗೊತ್ತಿಲ್ಲದ ಕೆಲಸಕ್ಕೆ ಒಪ್ಪಿಕೊಳ್ಳಲು ಯಾರಿಗಾದರೂ ಹೆದರಿಕೆ ಆಗುತ್ತದೆ. ಒಪ್ಪಿಕೊಂಡರೆ ಬಿಡುವುದು ಹೇಗೆ ಅನ್ನೋ ಚಿಂತೆ. ಮೂರು ತಿಂಗಳು ಅಂದರೆ "ಆಯ್ತು, ನೋಡೋಣ" ಅನ್ನುತ್ತಾರೆ. ಮೂರು ತಿಂಗಳು ಮುಗಿದ ಮೇಲೆ ಮತ್ತೆ ಕೇಳಿದರಾಯಿತು. ನಮ್ಮಲ್ಲಿ ಈಗ ಆರನೇ ವರ್ಷಕ್ಕೆ ಬಂದಿರುವ ಒಬ್ಬರು ಇವತ್ತಿಗೂ ಮೂರು ತಿಂಗಳಿಗೇ ಒಪ್ಪುವುದು.

ಚೀಟಿ ಬರೆಯುವಾಗ ಇನ್ನೊಂದು ಗೊತ್ತಾಗುತ್ತದೆ. ಕೆಲವು ಕೆಲಸ ಸ್ವಯಂಸೇವಕರಿಗೆ ಕೊಡಲೇಬಾರದು. ದಿನಾ ಬಾಗಿಲು ತೆಗೆದು ಕಸ ಗುಡಿಸುವುದು, ನಗದು ಹಣ ಇಟ್ಟುಕೊಳ್ಳುವುದು, ತಿಂಗಳ ಲೆಕ್ಕ ಬರೆಯುವುದು. ಇವು ತಪ್ಪಿದರೆ ಸಂಘವೇ ನಿಲ್ಲುತ್ತದೆ. ಇವಕ್ಕೆ ಸಂಬಳ ಕೊಡಿ, ಅಥವಾ ಪದಾಧಿಕಾರಿಗಳೇ ಮಾಡಿ. ಆಳಿನ ಸಂಬಳ ಉಳಿಸಲು ಸ್ವಯಂಸೇವಕರನ್ನು ತಂದರೆ ಅವರಿಗೆ ಒಂದು ತಿಂಗಳಲ್ಲಿ ವಾಸನೆ ಬಡಿಯುತ್ತದೆ.

ಎಲ್ಲಿ ಹುಡುಕುವುದು

ಕಾಲೇಜುಗಳಿಂದ ಶುರು ಮಾಡಿ. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು. ಅದರಲ್ಲಿ ಹೆಸರು ಕೊಟ್ಟ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರವೂ ಇರುತ್ತದೆ. ಅಂದರೆ ಅವರಿಗೂ ಕೆಲಸ ಬೇಕು, ನಿಮಗೂ ಜನ ಬೇಕು. ಪ್ರಾಂಶುಪಾಲರಿಗೆ ಪತ್ರ ಕೊಟ್ಟು ಸುಮ್ಮನಾಗಬೇಡಿ. ಕಾಲೇಜಿನಲ್ಲಿ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ ಅಂತ ಒಬ್ಬ ಅಧ್ಯಾಪಕರು ಇರುತ್ತಾರೆ. ಅವರನ್ನು ಹೋಗಿ ನೋಡಿ, ಚೀಟಿ ತೋರಿಸಿ. "ನೂರು ಹುಡುಗರನ್ನು ಕಳಿಸಿ" ಅನ್ನಬೇಡಿ, ಕಳಿಸಿಬಿಡುತ್ತಾರೆ! ಹದಿನೈದು ಕೇಳಿ. ಎಷ್ಟು ಗಂಟೆ ಮಾಡಿದರು ಅಂತ ಬರೆದು ಸಹಿ ಹಾಕಿ ಕೊಡುತ್ತೇವೆ ಅನ್ನಿ. ಅವರಿಗೆ ಬೇಕಾದದ್ದು ಅದು.

ಮೈಸೂರಿನ ದೊಡ್ಡ ಆಸ್ತಿ ನಿವೃತ್ತರು. ಬ್ಯಾಂಕು, ರೈಲ್ವೆ, ವಿಶ್ವವಿದ್ಯಾಲಯ, ಶಾಲೆ ಎಲ್ಲ ಮುಗಿಸಿ ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮಿಪುರಂ ಮನೆಗಳಲ್ಲಿ ಇರುವವರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ನಗರಪಾಲಿಕೆಯನ್ನು ಬೈಯುವವರಲ್ಲಿ ಅರ್ಧ ಜನ ಒಳ್ಳೆ ಕೆಲಸಗಾರರು, ಯಾರೂ ಕೇಳಿಲ್ಲ ಅಷ್ಟೇ. ನಮ್ಮ ಲೆಕ್ಕಪತ್ರ ಸರಿ ಮಾಡಿಕೊಟ್ಟವರು, ಅರ್ಜಿ ಬರೆದುಕೊಟ್ಟವರು, ಸಂಜೆ ಗಣಿತ ಹೇಳಿಕೊಟ್ಟವರು ಎಲ್ಲ ಇವರೇ. ಇವರಿಗೆ ವಾರದ ದಿನದ ಹಗಲು ಹೊತ್ತು ಇದೆ. ಹೆಬ್ಬಾಳದ ಕಡೆಯ ಐಟಿ ಕಂಪನಿಗಳ ಹುಡುಗರಿಗೆ ಅದಿಲ್ಲ, ಶನಿವಾರ ಭಾನುವಾರ ಮಾತ್ರ.

ಮಂಡ್ಯದ ಹಳ್ಳಿಗಳಲ್ಲಿ ದಾರಿ ಬೇರೆ. ಅಲ್ಲಿ ಪೋಸ್ಟರ್ ಅಂಟಿಸಿ ಪ್ರಯೋಜನವಿಲ್ಲ. ಬೆಳಿಗ್ಗೆ ಸಂಜೆ ಹಾಲು ಹಾಕಲು ಇಡೀ ಊರು ಡೇರಿಗೆ ಬರುತ್ತದೆ. ಅಲ್ಲಿ ಎರಡು ದಿನ ನಿಂತರೆ ಊರಲ್ಲಿ ಯಾರು ಮಾತಿಗೆ ತಪ್ಪದವರು ಅಂತ ಗೊತ್ತಾಗುತ್ತದೆ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ವಾರವಾರ ಸೇರಿ, ಉಳಿತಾಯ ಬರೆದು ಅಭ್ಯಾಸವಿದೆ. ಒಂದು ಸಭೆಯಲ್ಲಿ ಹತ್ತು ನಿಮಿಷ ಕೇಳಿಕೊಳ್ಳಿ. ಇನ್ನು ಗಣೇಶನ ಹಬ್ಬದ ಯುವಕರ ಸಂಘ. ಚಂದಾ ಎತ್ತಿ, ಪೆಂಡಾಲ್ ಹಾಕಿಸಿ, ಸಾವಿರ ಜನಕ್ಕೆ ಊಟ ಬಡಿಸಿ, ಮೆರವಣಿಗೆ ಮುಗಿಸಿ ಮಾರನೆ ದಿನ ಲೆಕ್ಕ ಒಪ್ಪಿಸುವ ಹುಡುಗರಿಗೆ ಸಂಘಟನೆ ಕಲಿಸಬೇಕಾ? ಅವರಿಂದ ನಾವೇ ಕಲಿಯಬೇಕು.

ಎಲ್ಲಿಯೇ ಹುಡುಕಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ. "ಯಾರಾದ್ರೂ ಬನ್ನಿ" ಅಂದರೆ ಯಾರೂ ಬರುವುದಿಲ್ಲ. "ಅಕ್ಕ, ನೀವು ಪುಸ್ತಕಕ್ಕೆ ಬೈಂಡ್ ಹಾಕೋದು ನೋಡಿದೀನಿ. ನಮ್ಮ ಗ್ರಂಥಾಲಯದಲ್ಲಿ ನಲವತ್ತು ಪುಸ್ತಕ ಹರಿದುಹೋಗಿದೆ, ಎರಡು ಶನಿವಾರ ಬರ್ತೀರಾ?" ಅಂದರೆ ಬರುತ್ತಾರೆ. ಬರದಿದ್ದರೂ ಇನ್ನೊಬ್ಬರ ಹೆಸರು ಹೇಳುತ್ತಾರೆ.

ಕ್ಯಾಲೆಂಡರ್ ನೋಡಿ

ಇದನ್ನು ಮರೆತು ನಾವು ಮೂರು ಸಲ ಪೆಟ್ಟು ತಿಂದೆವು. ಮಾರ್ಚ್, ಏಪ್ರಿಲ್ ಪರೀಕ್ಷೆ ಕಾಲ, ವಿದ್ಯಾರ್ಥಿಗಳು ಸಿಗುವುದಿಲ್ಲ. ಸಿಕ್ಕರೂ ಕರೆಯಬಾರದು. ಆಷಾಢ ಶುಕ್ರವಾರ ಮೈಸೂರಿನ ಅರ್ಧ ಜನ ಚಾಮುಂಡಿ ಬೆಟ್ಟದಲ್ಲಿ. ದಸರಾ ಹತ್ತು ದಿನ ನೆಂಟರು, ಟ್ರಾಫಿಕ್, ವಸ್ತುಪ್ರದರ್ಶನ. ಆಗ ಸಂಜೆ ಪಾಠಕ್ಕೆ ಮಕ್ಕಳೂ ಬರುವುದಿಲ್ಲ, ಹೇಳಿಕೊಡುವವರೂ ಬರುವುದಿಲ್ಲ. ರಜೆ ಕೊಟ್ಟುಬಿಡಿ. ಮಂಡ್ಯ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ಮೇಲೆ ಸಭೆ ಕರೆಯುವವರು ಊರ ಬಗ್ಗೆ ಏನೂ ತಿಳಿಯದವರು. ಕಟಾವಿನ ಕಾಲದಲ್ಲೂ ಅಷ್ಟೇ. ಕೆಲಸ ಹೂಡುವುದಾದರೆ ನಾಟಿ ಮುಗಿದ ಮೇಲೆ, ಅಥವಾ ಸಂಕ್ರಾಂತಿಯ ಸುಗ್ಗಿ ಕಳೆದ ಮೇಲೆ.

ಮೊದಲ ಮಾತುಕತೆ

ಅರ್ಜಿ ತುಂಬಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಲೋಟ ಕಾಫಿ ಕೊಟ್ಟು ಇಪ್ಪತ್ತು ನಿಮಿಷ ಎದುರು ಕೂತು ಮಾತಾಡಿ. ಎಲ್ಲರೂ "ನಿಮಗೇನು ಬರುತ್ತೆ?" ಅಂತ ಕೇಳುತ್ತಾರೆ. ನಾನು "ಯಾವ ಕೆಲಸ ಮಾತ್ರ ಬೇಡ?" ಅಂತ ಕೇಳುತ್ತೇನೆ. ಒಬ್ಬ ಅಕೌಂಟೆಂಟ್ ಹುಡುಗ ಹೇಳಿದ್ದ, "ಮೇಡಂ, ಎಕ್ಸೆಲ್ ಮಾತ್ರ ಕೊಡಬೇಡಿ. ವಾರವಿಡೀ ಅದೇ." ಅವನು ನಮ್ಮಲ್ಲಿ ಗಿಡ ನೆಟ್ಟ. ಮೊದಲೇ ಕೇಳದಿದ್ದರೆ ಖಂಡಿತ ಲೆಕ್ಕಕ್ಕೆ ಕೂರಿಸುತ್ತಿದ್ದೆವು, ಎರಡು ವಾರದಲ್ಲಿ ಓಡಿಹೋಗುತ್ತಿದ್ದ.

ಯಾಕೆ ಬಂದಿರಿ ಅಂತಲೂ ಕೇಳಿ. ಸರ್ಟಿಫಿಕೇಟ್‌ಗೆ, ಹೊಸ ಊರಲ್ಲಿ ಸ್ನೇಹಕ್ಕೆ, ಮಗ ಅಮೆರಿಕಕ್ಕೆ ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ ಅಂತ, ಇನ್ನು ಕೆಲವರು ನಿಜಕ್ಕೂ ಮಕ್ಕಳಿಗೆ ಓದಿಸಲು. ಎಲ್ಲ ಕಾರಣವೂ ಸರಿಯೇ. ಕಾರಣ ಗೊತ್ತಿದ್ದರೆ ಕೆಲಸ ಹೊಂದಿಸುವುದು ಸಲೀಸು. ಒಂಟಿತನ ಕಳೆಯಲು ಬಂದವರನ್ನು ಮೂಲೆಯಲ್ಲಿ ಕೂರಿಸಿ ಪುಸ್ತಕಕ್ಕೆ ನಂಬರ್ ಹಾಕಿಸಿದರೆ ಏನು ಬಂತು?

ಮೊದಲ ಎರಡು ಸಲ ನೋಡಲು ಬರಲಿ. ಆಮೇಲೆ ಎರಡೂ ಕಡೆಯವರು ಹೂಂ ಅಥವಾ ಉಹೂಂ ಅನ್ನಬಹುದು ಅಂತ ಮೊದಲ ದಿನವೇ ಹೇಳಿ. ಆಗ ಬೇಡ ಅನ್ನುವುದು ಮುಜುಗರದ ಮಾತಾಗುವುದಿಲ್ಲ.

ಮಕ್ಕಳ ಜೊತೆಗಿನ ಕೆಲಸವಾದರೆ ಸಂಕೋಚ ಪಕ್ಕಕ್ಕಿಡಿ. ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳಿ, ಅವರನ್ನು ಬಲ್ಲ ಇಬ್ಬರಿಗೆ ಫೋನ್ ಮಾಡಿ. ಗೊತ್ತಿರುವವರ ಮಗನಾದರೂ ಸರಿ, ಊರಿಗೆ ದೊಡ್ಡವರಾದರೂ ಸರಿ. ನಿಯಮ ಬರೆದು ಗೋಡೆಗೆ ಅಂಟಿಸಿ: ಒಬ್ಬರೇ ದೊಡ್ಡವರು ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರುವಂತಿಲ್ಲ, ಮಕ್ಕಳ ಫೋಟೊ ಸ್ವಂತ ಫೋನಿನಲ್ಲಿ ತೆಗೆಯುವಂತಿಲ್ಲ, ಮಗುವನ್ನು ಗಾಡಿಯಲ್ಲಿ ಒಬ್ಬರೇ ಮನೆಗೆ ಬಿಡುವಂತಿಲ್ಲ, ಹೊಡೆಯುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದ ಎಲ್ಲರೂ ಮಕ್ಕಳೇ. ಅವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ಸಂಘದ ಹೆಸರು ಕೆಡುತ್ತೆ" ಅಂತ ಒಳಗೇ ಮುಚ್ಚಿಹಾಕುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಅನ್ನುವ ನಂಬರ್ ಮಕ್ಕಳಿಗೆ ಕಾಣುವ ಎತ್ತರದಲ್ಲೇ ಬರೆದಿಡಿ. ಸ್ವಯಂಸೇವಕರೇ 18ರೊಳಗಿನವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿರಲಿ.

ಮೊದಲ ದಿನ

ಬರುವವರು ಉಳಿಯುತ್ತಾರೋ ಇಲ್ಲವೋ ಅನ್ನುವುದು ಮೊದಲ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ ಅನ್ನುವುದು ನನ್ನ ನಂಬಿಕೆ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಗೇಟಿನಲ್ಲಿ ಒಬ್ಬರು ನಿಂತಿರಬೇಕು. ಆ ದಿನ ಅವರಿಗೆ ಬೇರೆ ಕೆಲಸ ಬೇಡ. ಬಂದವರ ಹೆಸರು ಕೇಳುವುದು, ಪುಸ್ತಕದಲ್ಲಿ ಬರೆಯುವುದು, ಟಾಯ್ಲೆಟ್ ಎಲ್ಲಿ, ನೀರು ಎಲ್ಲಿ, ಚಪ್ಪಲಿ ಎಲ್ಲಿ ಬಿಡುವುದು ಅಂತ ತೋರಿಸುವುದು, ಕೆಲಸದ ಗುಂಪಿಗೆ ಕರೆದುಕೊಂಡು ಹೋಗಿ ಬಿಡುವುದು. ಕೆರೆ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕರೆಯುತ್ತೀರಿ, ಹತ್ತಿರದಲ್ಲಿ ಟಾಯ್ಲೆಟ್ ಇಲ್ಲ ಅಂದರೆ ಮೂರು ಗಂಟೆ ಅವರು ನೀರೇ ಕುಡಿಯುವುದಿಲ್ಲ. ಪಕ್ಕದ ಮನೆಯವರನ್ನೋ ಶಾಲೆಯವರನ್ನೋ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಸಾಮಾನು ಎಣಿಸಿ. ಇಪ್ಪತ್ತೈದು ಜನ ಅಂದರೆ ಇಪ್ಪತ್ತೈದು ಜೊತೆ ದಪ್ಪ ರಬ್ಬರ್ ಗ್ಲೌಸ್, ಐದು ಸಲಿಕೆ, ಎರಡು ಗುದ್ದಲಿ, ಆರು ಬಾಂಡ್ಲಿ, ಮೂವತ್ತು ಚೀಲ, ಬ್ಯಾಂಡೇಜು, ಡೆಟಾಲ್. ಅದಕ್ಕಿಂತ ಮುಖ್ಯವಾಗಿ, ತೆಗೆದ ಕಸ ಎಲ್ಲಿಗೆ ಹೋಗುತ್ತದೆ? ನಗರವಾದರೆ ಪಾಲಿಕೆಯ ಆರೋಗ್ಯ ನಿರೀಕ್ಷಕರಿಗೆ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಗೆ ಮೂರು ದಿನ ಮೊದಲೇ ಹೇಳಿ ಗಾಡಿ ಗೊತ್ತು ಮಾಡಿಕೊಳ್ಳಿ. ಸ್ವಚ್ಛತೆಯ ರಾಷ್ಟ್ರಮಟ್ಟದ ಪಟ್ಟಿಯಲ್ಲಿ ಮೈಸೂರು 2015ರಲ್ಲಿ, 2016ರಲ್ಲಿ ಮೊದಲ ಸ್ಥಾನಕ್ಕೆ ಬಂದ ಊರು. ಇಂಥ ಊರಲ್ಲೂ ನಾವು ತುಂಬಿಸಿಟ್ಟ ಚೀಲಗಳನ್ನು ನಾಯಿಗಳು ಎಳೆದಾಡಿದ್ದವು, ಯಾಕೆಂದರೆ ಗಾಡಿಗೆ ನಾವು ಹೇಳಿರಲಿಲ್ಲ. ಬೆವರು ಸುರಿಸಿ ತೆಗೆದ ಕಸ ಮಾರನೆ ದಿನ ಅಲ್ಲೇ ಹರಡಿರುವುದನ್ನು ಕಂಡ ಹುಡುಗ ಮತ್ತೆ ಬರುತ್ತಾನಾ?

ಹತ್ತು ನಿಮಿಷ ನಿಂತು ಎಲ್ಲರಿಗೂ ಹೇಳಿ: ಇವತ್ತು ಈ ಕಲ್ಲಿನಿಂದ ಆ ಅರಳಿಮರದವರೆಗೆ. ಗಾಜು, ಸೂಜಿ ಕಂಡರೆ ಕೈ ಹಾಕಬೇಡಿ, ಕರೆಯಿರಿ. ಪೊದೆಗೆ ಮೊದಲು ಕೋಲಿನಿಂದ ಬಡಿಯಿರಿ, ಹಾವಿರಬಹುದು. ನೀರಿಗೆ ಯಾರೂ ಇಳಿಯಬೇಡಿ. ಒಂಬತ್ತು ಗಂಟೆಗೆ ನಿಲ್ಲಿಸುತ್ತೇವೆ. ಆಮೇಲೆ ಒಂಬತ್ತಕ್ಕೆ ನಿಲ್ಲಿಸಿ. "ಇನ್ನೊಂಚೂರು ಇದೆ, ಮುಗಿಸಿಬಿಡೋಣ" ಅನ್ನಬೇಡಿ. ಹೇಳಿದ ಹೊತ್ತಿಗೆ ಬಿಡುವವರನ್ನು ಜನ ನಂಬುತ್ತಾರೆ.

ರಕ್ತದಾನ ಶಿಬಿರದಲ್ಲಿ ತಯಾರಿಯ ಬೆಲೆ ಇನ್ನೂ ಚೆನ್ನಾಗಿ ಕಾಣುತ್ತದೆ. ಸೂಜಿ ಚುಚ್ಚುವುದು, ಪರೀಕ್ಷೆ ಮಾಡುವುದು ರಕ್ತನಿಧಿಯವರ ಕೆಲಸ. ಸ್ವಯಂಸೇವಕರದ್ದು ಹೆಸರು ಬರೆಯುವುದು, ಸಾಲು ನೋಡಿಕೊಳ್ಳುವುದು, ಜ್ಯೂಸ್ ಬಿಸ್ಕೆಟ್ ಕೊಡುವುದು, ಕೊಟ್ಟು ಎದ್ದವರನ್ನು ಸ್ವಲ್ಪ ಹೊತ್ತು ಕೂರಿಸಿ ಕಣ್ಣಿಟ್ಟಿರುವುದು. ಹೆಸರು ಬರೆಯುವವರಿಗೆ ಹಿಂದಿನ ದಿನವೇ ನಾಲ್ಕು ವಿಷಯ ಬಾಯಿಪಾಠ ಮಾಡಿಸಿ: ವಯಸ್ಸು 18ರಿಂದ 65, ತೂಕ ಕಡಿಮೆ ಅಂದರೂ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು, ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಕೊಡಬಹುದೋ ಬೇಡವೋ ಅನ್ನುವ ಕೊನೆಯ ಮಾತು ವೈದ್ಯರದ್ದು. ಆದರೆ ವಯಸ್ಸು, ತೂಕ, ದಿನದ ಲೆಕ್ಕ ಮೇಜಿನ ಹತ್ತಿರವೇ ಕೇಳಿದರೆ ಒಂದು ಗಂಟೆ ಸಾಲಲ್ಲಿ ನಿಂತು "ನಿಮ್ಮದು ಆಗಲ್ಲ" ಅನ್ನಿಸಿಕೊಂಡು ಮುಖ ಸಣ್ಣ ಮಾಡಿಕೊಂಡು ಹೋಗುವವರು ಕಡಿಮೆಯಾಗುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬಂದ ಹಾಸ್ಟೆಲ್ ಹುಡುಗರಿಗೆ ಮೊದಲು ಇಡ್ಲಿ ಕೊಡಿ.

ಹತ್ತು ಜನಕ್ಕೊಬ್ಬರು

ಮೂವತ್ತು ಜನ ಒಬ್ಬರನ್ನೇ ಕೇಳುವಂತಾದರೆ ಕೆಲಸ ಕೆಟ್ಟಿತು. ಎಂಟು ಹತ್ತು ಜನಕ್ಕೆ ಒಬ್ಬ ಮೇಸ್ತ್ರಿ ಇರಲಿ. ಅವರೂ ಸ್ವಯಂಸೇವಕರೇ, ಮೊದಲು ಎರಡು ಮೂರು ಸಲ ಬಂದವರು. ಜೋರು ಬಾಯಿಯವರನ್ನು ಮೇಸ್ತ್ರಿ ಮಾಡುವುದು ನಮ್ಮ ರೂಢಿ. ನಾನು ಹುಡುಕುವುದು, ಕೆಲಸ ಮುಗಿದ ಮೇಲೆ ಸುಮ್ನೆ ಸಲಿಕೆ ತೊಳೆದಿಡುವವರನ್ನು.

ವಾಟ್ಸ್‌ಆ್ಯಪ್ ಗ್ರೂಪ್ ಎರಡು ಮಾಡಿ. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯುವಂತಿರಲಿ: ಎಲ್ಲಿ, ಎಷ್ಟು ಹೊತ್ತಿಗೆ, ಏನು ತರಬೇಕು. ಇನ್ನೊಂದರಲ್ಲಿ ಶುಭೋದಯ, ಹಬ್ಬದ ಶುಭಾಶಯ, ಎಲ್ಲ. ಎರಡನ್ನೂ ಬೆರೆಸಿದರೆ "ನಾಳೆ ಆರಕ್ಕೆ" ಅನ್ನುವ ಸಾಲು ನಲವತ್ತು ಗುಲಾಬಿ ಹೂವಿನ ಕೆಳಗೆ ಹೂತುಹೋಗುತ್ತದೆ.

ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದವರೆಲ್ಲ ಬರುತ್ತಾರೆ ಅಂತ ನಂಬಬೇಡಿ. ನಾನು ಮೂವರಲ್ಲಿ ಒಬ್ಬರು ಬರುವುದಿಲ್ಲ ಅಂತಲೇ ಲೆಕ್ಕ ಹಾಕುವುದು. ಹಿಂದಿನ ದಿನ ರಾತ್ರಿ ಎಂಟರ ಮೇಲೆ ಮೇಸ್ತ್ರಿಗಳು ತಮ್ಮ ಹತ್ತು ಜನಕ್ಕೆ ಫೋನ್ ಮಾಡಬೇಕು. ಮೆಸೇಜ್ ಸಾಲದು, ಫೋನ್.

ಖರ್ಚು

ಸ್ವಯಂಸೇವಕರು ಅಂದರೆ ಖರ್ಚಿಲ್ಲ ಅಂದುಕೊಂಡ ಖಜಾಂಚಿಗಳನ್ನು ಕಂಡಿದ್ದೇನೆ. ತಿಂಡಿ, ನೀರು, ಗ್ಲೌಸ್, ಬಸ್ ಚಾರ್ಜು ಇಷ್ಟಾದರೂ ಬಜೆಟ್‌ನಲ್ಲಿ ಇರಲೇಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತವಾದ ಮೇಲೆ ನಮ್ಮಲ್ಲಿಗೆ ಶ್ರೀರಂಗಪಟ್ಟಣದಿಂದಲೂ ಇಬ್ಬರು ಬರತೊಡಗಿದರು. ಆದರೆ ಸಂಜೆ ಪಾಠ ಮುಗಿಯುವುದು ಕತ್ತಲಾದ ಮೇಲೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಆಟೋ ಬೇಕು. ಆ ದುಡ್ಡನ್ನು ಸಂಘವೇ ಕೊಡಬೇಕು, ಅವರು ಕೇಳುವ ಮೊದಲೇ. ಕೈಯಿಂದ ಹಾಕಿದ ಇಪ್ಪತ್ತು ರೂಪಾಯಿ ಬಿಲ್ಲನ್ನೂ ಆ ದಿನವೇ ತೀರಿಸಿ. ಮರ್ಯಾದಸ್ಥರು ಕೇಳುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ.

ಸರಿಬರದಿದ್ದಾಗ

ದುಡ್ಡು ತೆಗೆದುಕೊಳ್ಳದವರನ್ನು ಬೈಯುವುದು ಹೇಗೆ ಅಂತ ಎಲ್ಲರಿಗೂ ಹಿಂಜರಿಕೆ. ಬೈಯಬೇಡಿ, ಆದರೆ ಹೇಳದೆ ಬಿಡಬೇಡಿ. ನಮ್ಮ ಸಂಜೆ ಪಾಠಕ್ಕೆ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಗಣಿತ ಹೇಳಿಕೊಡುವುದರಲ್ಲಿ ಎತ್ತಿದ ಕೈ. ಆದರೆ ತಪ್ಪು ಮಾಡಿದ ಮಕ್ಕಳಿಗೆ "ಕೋಣ", "ದನ ಕಾಯೋಕೆ ಹೋಗು" ಅನ್ನುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಪಾಠ ಮುಗಿದ ಮೇಲೆ ಅವರನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದೆ.

"ಸಾರ್, ನಿಮ್ಮ ಗುಂಪಿನಲ್ಲಿ ಎಂಟು ಮಕ್ಕಳಿದ್ದರು. ಈಗ ಮೂವರು."

"ಓದೋ ಮನಸ್ಸಿಲ್ಲಮ್ಮ ಅವಕ್ಕೆ."

"ಐದು ಮಕ್ಕಳ ಮನೆಗೂ ಹೋಗಿದ್ದೆ ಸಾರ್. ಲೆಕ್ಕ ಅರ್ಥ ಆಗುತ್ತೆ, ಬೈಗುಳಕ್ಕೆ ಹೆದರಿಕೆ ಅಂದರು. ಇಲ್ಲಿ ಬೈಯೋ ಹಾಗಿಲ್ಲ ಅನ್ನೋದು ನಮ್ಮ ನಿಯಮ ಸಾರ್. ನನಗೂ ಅದೇ, ನಿಮಗೂ ಅದೇ."

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. "ಮೂವತ್ತೈದು ವರ್ಷದ ಬಾಯಿ ಕಣಮ್ಮ, ನೋಡ್ತೀನಿ" ಅಂದರು. ಮುಂದಿನ ವಾರ ಬಂದರು. ಬಾಯಿ ಪೂರ್ತಿ ನಿಲ್ಲಲಿಲ್ಲ ಅನ್ನುವುದು ನಿಜ. ಒಂದು ತಿಂಗಳು ನೋಡಿ, ಅವರನ್ನು ಮಕ್ಕಳ ಬದಲು ನಮ್ಮ ಹೊಸ ಸ್ವಯಂಸೇವಕರಿಗೆ ಗಣಿತ ಹೇಳಿಕೊಡುವುದು ಹೇಗೆ ಅಂತ ಕಲಿಸುವ ಕೆಲಸಕ್ಕೆ ಹಾಕಿದೆವು. ದೊಡ್ಡವರನ್ನು ಅವರು ಕೋಣ ಅನ್ನಲಿಲ್ಲ.

ನಾಲ್ಕು ಜನರ ಮುಂದೆ ಹೇಳಬೇಡಿ. ಬೇರೆಯವರ ಬಾಯಲ್ಲಿ ಹೇಳಿ ಕಳಿಸಬೇಡಿ. ಆದದ್ದನ್ನು ಆದ ಹಾಗೆ ಹೇಳಿ, ಅವರ ಸ್ವಭಾವಕ್ಕೆ ಹೋಗಬೇಡಿ. ಆದರೆ ಮೂರು ವಿಷಯಕ್ಕೆ ಎರಡನೇ ಅವಕಾಶ ಇಲ್ಲ: ಮಕ್ಕಳ, ಹೆಣ್ಣುಮಕ್ಕಳ ಜೊತೆ ಅಸಭ್ಯವಾಗಿ ನಡೆದುಕೊಂಡರೆ, ಸಂಘದ ಹೆಸರಲ್ಲಿ ದುಡ್ಡು ಎತ್ತಿದರೆ, ಕುಡಿದು ಬಂದರೆ. ಆ ದಿನವೇ ಕಳಿಸಿ. ಪೊಲೀಸರಿಗೆ ಹೋಗಬೇಕಾದದ್ದು ಪೊಲೀಸರಿಗೆ ಹೋಗಲಿ.

ಚುನಾವಣೆ ಬಂದಾಗ ನಿಮ್ಮ ಸ್ವಯಂಸೇವಕರ ಪಟ್ಟಿಯ ಮೇಲೆ ಹಲವರಿಗೆ ಕಣ್ಣು ಬೀಳುತ್ತದೆ. ನಂಬರ್‌ಗಳನ್ನು ಯಾರಿಗೂ ಕೊಡಬೇಡಿ, ಎಷ್ಟೇ ಬೇಕಾದವರಾಗಲಿ.

ಮುಯ್ಯಿ ತೀರಿಸುವುದು

ನಮ್ಮ ಕಡೆ ಸನ್ಮಾನ ಅಂದರೆ ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ. ಅದು ಸಿಗುವುದು ವೇದಿಕೆ ಮೇಲೆ ಕೂತವರಿಗೆ. ಕುರ್ಚಿ ಹಾಕಿದವರು ಕಾರ್ಯಕ್ರಮ ಮುಗಿದ ಮೇಲೆ ಅದೇ ಕುರ್ಚಿ ಎತ್ತುತ್ತಾ ನಿಂತಿರುತ್ತಾರೆ. ವಿಶ್ವಸಂಸ್ಥೆ 1985ರಲ್ಲಿ ಡಿಸೆಂಬರ್ 5ನ್ನು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ ಅಂತ ಗೊತ್ತು ಮಾಡಿತು. ಆ ದಿನ ನಮ್ಮಲ್ಲಿ ಭಾಷಣ ಇಲ್ಲ. ಪದಾಧಿಕಾರಿಗಳು ಅಡುಗೆ ಮಾಡಿ ಬಡಿಸುತ್ತಾರೆ, ಸ್ವಯಂಸೇವಕರು ಕೂತು ಉಣ್ಣುತ್ತಾರೆ. ಅಧ್ಯಕ್ಷರ ಸಾರು ಪ್ರತಿ ವರ್ಷ ಉಪ್ಪಾಗುತ್ತದೆ. ಅದರ ತಮಾಷೆಯೇ ಒಂದು ತಿಂಗಳು ನಡೆಯುತ್ತದೆ.

ಊಟಕ್ಕಿಂತ ಹೆಚ್ಚಾಗಿ ಜನಕ್ಕೆ ಬೇಕಾಗಿರುವುದು ತಾವು ಮಾಡಿದ್ದು ಏನಾಯಿತು ಅನ್ನುವ ಸುದ್ದಿ. ನೆಟ್ಟ ಗಿಡದಲ್ಲಿ ಎಷ್ಟು ಬದುಕಿವೆ, ಓದಿಸಿದ ಹುಡುಗಿ ಈಗ ಯಾವ ಪುಸ್ತಕ ಓದುತ್ತಾಳೆ, ಕಳೆದ ಶಿಬಿರದಲ್ಲಿ ಎಷ್ಟು ಯೂನಿಟ್ ರಕ್ತ ಸೇರಿತು. ಗಿಡ ಸತ್ತಿದ್ದರೆ ಅದನ್ನೂ ಹೇಳಿ. ಸರ್ಟಿಫಿಕೇಟ್ ಕೊಡುವಾಗ "ಉತ್ತಮ ಸೇವೆ" ಅಂತ ಬರೆಯಬೇಡಿ. "48 ಗಂಟೆ, ಆರನೇ ತರಗತಿಯ ನಾಲ್ಕು ಮಕ್ಕಳಿಗೆ ಕನ್ನಡ ಓದಿಸಿದ್ದಾರೆ" ಅಂತ ಬರೆಯಿರಿ. ಕೆಲಸ ಹುಡುಕುವ ಹುಡುಗರಿಗೆ ಅದರಿಂದ ಉಪಯೋಗ ಇದೆ.

ಮತ್ತೆ, ಮುಯ್ಯಿ ಅಂದ ಮೇಲೆ ನಾವೂ ಹೋಗಬೇಕು. ಅವರ ಮನೆಯ ಗೃಹಪ್ರವೇಶಕ್ಕೆ, ಮಗಳ ಮದುವೆಗೆ, ಆಸ್ಪತ್ರೆಯಲ್ಲಿದ್ದಾಗ. ಕೆಲಸ ಇದ್ದಾಗ ಮಾತ್ರ ನೆನಪಾಗುವ ಸಂಘಕ್ಕೆ ಯಾರೂ ಆಳಾಗಿ ಉಳಿಯುವುದಿಲ್ಲ.

ನಮ್ಮ ಕಚೇರಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುತ್ತಾರಲ್ಲ, ಅಂಥದ್ದು. ಯಾರು ಯಾವ ದಿನ ಬಂದರು, ಎಷ್ಟು ಹೊತ್ತು ಇದ್ದರು, ನಾವು ಅವರಿಗೆ ಏನು ಕೊಡಬೇಕು: ಬಸ್ಸಿನ ದುಡ್ಡೋ, ಸರ್ಟಿಫಿಕೇಟೋ, ಮಾತು ಕೊಟ್ಟಿದ್ದ ಒಂದು ಪುಸ್ತಕವೋ. ತಿಂಗಳ ಕೊನೆಯ ಶನಿವಾರ ಒಬ್ಬರು ಅದನ್ನು ಮೊದಲಿಂದ ಓದುತ್ತಾರೆ. ಸತತ ಎರಡು ಸಲ ಹೆಸರು ಕಾಣದವರಿಗೆ ಫೋನ್ ಹೋಗುತ್ತದೆ. ಕೆಲಸಕ್ಕೆ ಕರೆಯಲು ಅಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು.

ಹೋದ ತಿಂಗಳು ಹಾಗೆ ಒಬ್ಬ ಹುಡುಗನಿಗೆ ಫೋನ್ ಮಾಡಿದ್ದೆ. "ಏನಿಲ್ಲಪ್ಪ, ಕಾಣಲಿಲ್ಲವಲ್ಲ, ಹುಷಾರಾಗಿದ್ದೀಯಾ ಅಂತ ಮಾಡಿದೆ" ಅಂದೆ. ಅವನು ಸ್ವಲ್ಪ ತಡೆದು, "ಹೋದ್ಸಲ ಹೇಳ್ದೆ ಕೇಳ್ದೆ ತಪ್ಪಿಸಿದ್ನಲ್ಲ ಅಕ್ಕ, ಬರೋಕೆ ಮುಖ ಇರ್ಲಿಲ್ಲ" ಅಂದ. "ಗ್ಲೌಸ್ ಮೂವತ್ತು ಜೊತೆ ಇದೆ, ಜನ ಇಪ್ಪತ್ತೆಂಟು" ಅಂದೆ. ಭಾನುವಾರ ಅವನು ತಮ್ಮನನ್ನೂ ಕರೆದುಕೊಂಡು ಬಂದ.